ಮನೆಗೊಂದು ಮದ್ದಿನ ಡಬ್ಬಿ

ಹೋದ ವರ್ಷ ನಮ್ಮ ಬೀದಿಯಲ್ಲಿ ಒಂದು ಮಗು ಕುದಿಯುವ ಸಾರಿಗೆ ಕೈ ಹಾಕಿತು. ಮುಂಗೈ ಬೆಂದು ಹೋಯಿತು. ನಾವೆಲ್ಲ ಓಡಿ ಬಂದೆವು. ಒಬ್ಬರು ಕಾಫಿಪುಡಿ ತಂದರು. ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು ಬಳಿದರು. ತಣ್ಣೀರು ಹಾಕಿದವರು ಯಾರೂ ಇಲ್ಲ. ಆಸ್ಪತ್ರೆಯಲ್ಲಿ ನರ್ಸಮ್ಮ ಆ ಪೇಸ್ಟನ್ನೆಲ್ಲ ತೊಳೆದು ತೆಗೆಯಬೇಕಾಯಿತು. ಮಗು ಕಿರುಚಿದ್ದು ಈಗಲೂ ಕಿವಿಯಲ್ಲಿದೆ.

ಅವತ್ತೇ ನಾವು ತೀರ್ಮಾನ ಮಾಡಿದೆವು. ಪ್ರತಿ ಮನೆಯಲ್ಲೂ ಪ್ರಥಮ ಚಿಕಿತ್ಸೆಯ ಡಬ್ಬಿ ಇರಬೇಕು. ಪ್ರಥಮ ಚಿಕಿತ್ಸೆ ಅಂದರೆ ಡಾಕ್ಟರ ಹತ್ತಿರ ಹೋಗುವ ತನಕ ನಾವು ಮಾಡುವ ಆರೈಕೆ.

ಡಬ್ಬಿಗೆ ದುಡ್ಡು ಬೇಡ. ಗಟ್ಟಿ ಮುಚ್ಚಳದ ಹಳೇ ಬಿಸ್ಕತ್ತಿನ ಡಬ್ಬಿ ಸಾಕು. ತೊಳೆದು ಒಣಗಿಸಿ.

ಮೊದಲು ಬೇಕಾದದ್ದು ಬಟ್ಟೆ. ಹಳೇ ನೂಲಿನ ಸೀರೆ ಯಾರ ಮನೆಯಲ್ಲಿ ಇಲ್ಲ? ಅದನ್ನು ಅಂಗೈ ಅಗಲದ ತುಂಡು ಮಾಡಿ. ಕೆಲವು ಉದ್ದ ಪಟ್ಟಿಯನ್ನೂ ಹರಿದುಕೊಳ್ಳಿ. ಸೋಪಿನಲ್ಲಿ ಒಗೆದು, 20 ನಿಮಿಷ ಕುದಿಸಿ, ಬಿಸಿಲಲ್ಲಿ ಒಣಗಿಸಿ. ಮಡಿಸಿ ಶುದ್ಧವಾದ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ರಕ್ತ ಬಂದರೆ ಈ ಬಟ್ಟೆಯನ್ನೇ ಗಾಯದ ಮೇಲೆ ಒತ್ತಿ ಹಿಡಿಯಬೇಕು. ಹತ್ತಿ ಬೇಡ. ಅದರ ಎಳೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಒಲೆ ಒರೆಸುವ ಬಟ್ಟೆಯಂತೂ ಬೇಡವೇ ಬೇಡ.

ಜೊತೆಗೆ ಕತ್ತರಿ, ಪಿನ್ನು, ಸೋಪು ಇರಲಿ. ಗಾಯಕ್ಕೆ ಹಚ್ಚಲು ಪೊವಿಡೋನ್ ಅಯೋಡಿನ್ ಮುಲಾಮು ಇರಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಇರಲಿ. ಮಗುವಿಗೆ ಎಷ್ಟು ಕೊಡಬೇಕು ಅಂತ ನರ್ಸಮ್ಮನನ್ನು ಕೇಳಿ, ಚೀಟಿ ಬರೆದು ಡಬ್ಬಿಯಲ್ಲೇ ಇಡಿ. ಈಗ ನಮಗೆ ಬರೆಯೋಕೆ ಬರುತ್ತದಲ್ಲ! ಔಷಧಿಯ ಮೇಲೆ ಎರಡು ತಾರೀಕು ಇರುತ್ತವೆ. ಮೊದಲಿನದು ತಯಾರಾದದ್ದು. ಆಮೇಲಿನದು ಅವಧಿ ಮುಗಿಯುವುದು. ಅವಧಿ ಮುಗಿದ ಔಷಧಿ ಇಟ್ಟುಕೊಳ್ಳಬಾರದು. ಅದು ಬರೀ ತಿಂಗಳು, ವರ್ಷ, ಓದುವುದು ಕಷ್ಟವಲ್ಲ.

ವಾಂತಿ ಭೇದಿಗೆ ಓಆರ್‌ಎಸ್ ಪೊಟ್ಟಣ ಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಇವತ್ತು, ಅರ್ಧ ನಾಳೆ ಅನ್ನಬಾರದು. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ನೀರಿಗೆ ಚಿಕ್ಕ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಇನ್ನು ಸುಟ್ಟ ಗಾಯ. ಅದರ ಮೊದಲ ಮದ್ದು ಡಬ್ಬಿಯಲ್ಲಿ ಇಲ್ಲ, ಕೊಡದಲ್ಲಿದೆ! 20 ನಿಮಿಷ ತಣ್ಣೀರು ಸುರಿಯಬೇಕು. ಐಸು ಬೇಡ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಬೊಬ್ಬೆ ಒಡೆಯಬೇಡಿ. ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಹಾವು ಕಡಿದರೂ ಅಷ್ಟೇ, ಡಬ್ಬಿಯಲ್ಲಿ ಮದ್ದಿಲ್ಲ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಡಿದ ಕೈ ಕಾಲು ಅಲುಗಾಡದಂತೆ ನೋಡಿಕೊಳ್ಳಿ. ಕೂಡಲೇ 108ಕ್ಕೆ ಫೋನು ಮಾಡಿ.

ಡಬ್ಬಿ ಮಕ್ಕಳ ಕೈಗೆ ಸಿಗಬಾರದು. ಆದರೆ ಎಲ್ಲಿದೆ ಅಂತ ಮನೆಯ ದೊಡ್ಡವರಿಗೆಲ್ಲ ಗೊತ್ತಿರಬೇಕು. ಕೈ ಸುಟ್ಟುಕೊಂಡ ಆ ಮಗುವಿನ ತಾಯಿ ತನ್ನ ಡಬ್ಬಿಯನ್ನು ಅಡುಗೆಮನೆಯ ಅಟ್ಟದ ಮೇಲೆ ಇಟ್ಟಿದ್ದಾಳೆ. ಮುಚ್ಚಳದ ಮೇಲೆ ತಾನೇ ದೊಡ್ಡದಾಗಿ 108 ಅಂತ ಬರೆದಿದ್ದಾಳೆ.