ಮರೆಯಲ್ಲಿದ್ದ ಗ್ರಂಥಗಳ ಶೋಧ: ಸ್ತ್ರೀಯರ ಸಲಿಂಗಾನುರಾಗವನ್ನು ಕುರಿತ ಗ್ರಂಥಸೂಚಿಗಳು

ಗ್ರಂಥಸೂಚಿಯನ್ನು ನಾವು ಸಾಮಾನ್ಯವಾಗಿ ಇತಿಹಾಸದ ಆಧಾರವೆಂದು ಎಣಿಸುವುದಿಲ್ಲ. ಆಧಾರಗಳ ಕಡೆಗೆ ಕೊಂಡೊಯ್ಯುವ ಮಾರ್ಗವೆಂದಷ್ಟೇ ಭಾವಿಸುತ್ತೇವೆ. ಆದರೆ ಯಾವ ಜನರನ್ನು ಹೆಸರಿಸಲು ಸಮಾಜವು ಹಿಂಜರಿಯಿತೋ ಅವರ ವಿಷಯದಲ್ಲಿ ಸೂಚಿಯೇ ಒಂದು ಐತಿಹಾಸಿಕ ದಾಖಲೆಯಾಗುತ್ತದೆ. ಸ್ತ್ರೀಯರಲ್ಲಿ ಅನುರಾಗವಿದ್ದ ಸ್ತ್ರೀಯರನ್ನೂ, ಸ್ತ್ರೀಪುರುಷರಿಬ್ಬರಲ್ಲಿಯೂ ಅನುರಾಗವಿದ್ದ ಸ್ತ್ರೀಯರನ್ನೂ ಕುರಿತ ಗ್ರಂಥಗಳನ್ನು 20ನೆಯ ಶತಮಾನದಲ್ಲಿ ಯಾರು, ಹೇಗೆ ಹುಡುಕಿ ಓದುಗರಿಗೆ ತಿಳಿಸಿದರೆಂಬುದನ್ನು, ಮುಖ್ಯವಾಗಿ ಅಮೆರಿಕದ ನಿದರ್ಶನದಿಂದ, ಇಲ್ಲಿ ವಿವರಿಸಲಾಗಿದೆ.

ಇಂತಹ ಗ್ರಂಥಗಳು ಇರಲಿಲ್ಲವೆಂದಲ್ಲ. ಇದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಕಾನೂನಿನ ಭಯ. ರ್‍ಯಾಡ್‌ಕ್ಲಿಫ್ ಹಾಲ್ ಅವರ ‘ದಿ ವೆಲ್ ಆಫ್ ಲೋನ್ಲಿನೆಸ್’ ಕಾದಂಬರಿ 1928ರಲ್ಲಿ ಹೊರಬಂದಿತು. ಅದೇ ವರ್ಷ ಲಂಡನ್ನಿನ ನ್ಯಾಯಾಲಯವು ಅದನ್ನು ಅಶ್ಲೀಲವೆಂದು ತೀರ್ಮಾನಿಸಿ ಪ್ರತಿಗಳನ್ನು ನಾಶಪಡಿಸುವಂತೆ ಆಜ್ಞೆಮಾಡಿತು. ಎರಡನೆಯದು ಹೆಸರಿನ ಮರೆ. ಫ್ರಾನ್ಸಿನ ಕೊಲೆಟ್ ಬರೆದ ಕ್ಲೋದೀನ್ ಕಾದಂಬರಿಗಳು ಮೊದಲು ಪ್ರಕಟವಾದುದು ಆಕೆಯ ಪತಿಯ ಅಂಕಿತನಾಮದಲ್ಲಿ. 1952ರ ‘ದಿ ಪ್ರೈಸ್ ಆಫ್ ಸಾಲ್ಟ್’ ಕ್ಲೇರ್ ಮಾರ್ಗನ್ ಎಂಬ ಕಲ್ಪಿತನಾಮದಿಂದ ಬಂದಿತು. ಅದರ ಲೇಖಕಿ ಪ್ಯಾಟ್ರೀಶಿಯಾ ಹೈಸ್ಮಿತ್ ಅವರ ಸ್ವಂತ ಹೆಸರು ಪುಸ್ತಕದ ಮೇಲೆ ಕಾಣಲು 1990ರವರೆಗೆ ಕಾಯಬೇಕಾಯಿತು. ಮೂರನೆಯದು ಗ್ರಂಥಾಲಯಗಳ ವಿಷಯಶೀರ್ಷಿಕೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪದ್ಧತಿಯಲ್ಲಿ ಈ ವಿಷಯವನ್ನು ಹುಡುಕಿದವರನ್ನು ‘ಲೈಂಗಿಕ ವಿಕೃತಿ’ ಎಂಬ ಶೀರ್ಷಿಕೆಯ ಕಡೆಗೂ ಕಳುಹಿಸಲಾಗುತ್ತಿತ್ತು. ತನ್ನ ಬಾಳಿಗೆ ಸಮೀಪವಾದ ಪುಸ್ತಕವನ್ನು ಅರಸಿ ಬಂದ ತರುಣಿಗೆ ಮೊದಲು ದೊರೆಯುತ್ತಿದ್ದುದು ಪುಸ್ತಕವಲ್ಲ, ತೀರ್ಪು.

ಈ ಸ್ಥಿತಿಯಲ್ಲಿ ಕ್ರಮಬದ್ಧವಾದ ಶೋಧವನ್ನು ಕೈಗೊಂಡವರು ಜೆನೆಟ್ ಹೋವರ್ಡ್ ಫಾಸ್ಟರ್ (1895–1981). ಇವರು ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1948ರಿಂದ 1952ರವರೆಗೆ ಇಂಡಿಯಾನದಲ್ಲಿ ಆಲ್ಫ್ರೆಡ್ ಕಿನ್ಸೆಯವರ ಸಂಶೋಧನ ಸಂಸ್ಥೆಯ ಗ್ರಂಥಪಾಲಕಿಯಾಗಿದ್ದರು. ಸ್ಯಾಫೋ ಕವಯಿತ್ರಿಯಿಂದ ಹಿಡಿದು ತಮ್ಮ ಕಾಲದವರೆಗಿನ ಸಾಹಿತ್ಯವನ್ನು, ವಿಶೇಷವಾಗಿ ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಕೃತಿಗಳನ್ನು, ಹಲವು ದಶಕಗಳ ಕಾಲ ಓದಿ ‘ಸೆಕ್ಸ್ ವೇರಿಯಂಟ್ ವಿಮೆನ್ ಇನ್ ಲಿಟರೇಚರ್’ ಎಂಬ ಗ್ರಂಥವನ್ನು ರಚಿಸಿದರು. 1956ರಲ್ಲಿ ಅದು ಹೊರಬಂದುದು ಲೇಖಕರಿಂದಲೇ ಹಣ ಪಡೆದು ಮುದ್ರಿಸುವ ಪ್ರಕಾಶನವೊಂದರಿಂದ. ಶೀರ್ಷಿಕೆಯಲ್ಲಿ ಅವರು ಆರಿಸಿಕೊಂಡ ಪದ ಗಮನಾರ್ಹವಾದುದು. ‘ವೇರಿಯಂಟ್’ ಎಂದರೆ ರೂಢಿಗಿಂತ ಭಿನ್ನ ಎಂದಷ್ಟೇ ಅರ್ಥ, ಅದರಲ್ಲಿ ನಿಂದೆಯಿಲ್ಲ. ಅಲ್ಲದೆ ವಿವಾಹಿತೆಯರು, ಪುರುಷರನ್ನೂ ಪ್ರೀತಿಸಿದವರು, ಭಾವವನ್ನು ಮನಸ್ಸಿನಲ್ಲಿಯೇ ಉಳಿಸಿಕೊಂಡವರು, ಎಲ್ಲರಿಗೂ ಆ ಪದದಲ್ಲಿ ಎಡೆಯುಂಟು. ಉಭಯಾನುರಾಗಿಗಳಾದ ಸ್ತ್ರೀಯರು ಸೂಚಿಯಿಂದ ಜಾರಿಹೋಗದಂತೆ ಈ ವ್ಯಾಪ್ತಿ ಕಾಪಾಡಿತು.

ಫಾಸ್ಟರರ ಕಾರ್ಯವನ್ನು ಮುಂದುವರಿಸಿದವರಲ್ಲಿ ಬಾರ್ಬರಾ ಗ್ರಿಯರ್ (1933–2011) ಪ್ರಮುಖರು. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿತವಾದ ‘ಡಾಟರ್ಸ್ ಆಫ್ ಬಿಲಿಟಿಸ್’ ಎಂಬ ಸ್ತ್ರೀಸಂಘವು 1956ರಿಂದ ‘ದಿ ಲ್ಯಾಡರ್’ ಪತ್ರಿಕೆಯನ್ನು ಪ್ರಕಟಿಸುತ್ತಿತ್ತು. ಗ್ರಿಯರ್ ಅದರಲ್ಲಿ ಜೀನ್ ಡೇಮನ್ ಎಂಬ ಕಲ್ಪಿತನಾಮದಿಂದ ಪತ್ರಿಕೆ 1972ರಲ್ಲಿ ನಿಲ್ಲುವವರೆಗೂ ಪುಸ್ತಕಗಳನ್ನು ಪರಿಚಯಿಸಿದರು. 1967ರಲ್ಲಿ ಲೀ ಸ್ಟುವರ್ಟರೊಡನೆ ‘ದಿ ಲೆಸ್ಬಿಯನ್ ಇನ್ ಲಿಟರೇಚರ್’ ಎಂಬ ಸೂಚಿಯನ್ನು ಹೊರತಂದರು. ಕೃತಿಯಲ್ಲಿ ಈ ವಿಷಯ ಪ್ರಧಾನವೋ, ಗೌಣವೋ, ಧ್ವನಿಮಾತ್ರವೋ ಎಂಬುದನ್ನು ಎ, ಬಿ, ಸಿ ಅಕ್ಷರಗಳೂ, ಕೇವಲ ಕಸವಾದುದನ್ನು ಟಿ ಅಕ್ಷರವೂ ಸೂಚಿಸುತ್ತಿದ್ದುವು. ಪಟ್ಟಿಮಾಡುವುದಕ್ಕೂ ಶಿಫಾರಸು ಮಾಡುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ: ಮೊದಲನೆಯದು ಏನಿದೆಯೆಂದು ಹೇಳುತ್ತದೆ, ಎರಡನೆಯದು ಯಾವುದು ಓದಲು ಯೋಗ್ಯವೆಂದು ಹೇಳುತ್ತದೆ. ಅಗ್ಗದ ಕಾದಂಬರಿಗಳ ರಾಶಿಯಲ್ಲಿ ಓದುಗಳಿಗೆ ಎರಡೂ ಅಗತ್ಯವಾಗಿದ್ದವು. ಸ್ಮರಣೆ ಉಳಿದುದರಿಂದಲೇ ಮರುಮುದ್ರಣವೂ ಸಾಧ್ಯವಾಯಿತು. 1957ರಿಂದ 1962ರವರೆಗೆ ಅಗ್ಗದ ಆವೃತ್ತಿಗಳಲ್ಲಿ ಬಂದಿದ್ದ ಆನ್ ಬ್ಯಾನನ್ ಅವರ ಕಾದಂಬರಿಗಳನ್ನು, ಗ್ರಿಯರ್ ಸಹಸ್ಥಾಪಕರಾಗಿದ್ದ ನೈಯಡ್ ಪ್ರಕಾಶನವು 1983ರಲ್ಲಿ ಮತ್ತೆ ಅಚ್ಚುಹಾಕಿತು.

ಗ್ರಂಥಾಲಯಗಳು ಎಚ್ಚರಗೊಂಡುದು ತಡವಾಗಿ. 1970ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದೊಳಗೆ ಸಲಿಂಗಾನುರಾಗಿಗಳ ಕಾರ್ಯತಂಡವೊಂದು ಏರ್ಪಟ್ಟಿತು. ಮುಂದೆ ಅದನ್ನು ನಡೆಸಿದ ಬಾರ್ಬರಾ ಗಿಟಿಂಗ್ಸ್ ಗ್ರಂಥಪಾಲಕಿಯಲ್ಲ. ‘ದಿ ಲ್ಯಾಡರ್’ ಪತ್ರಿಕೆಯ ಹಿಂದಿನ ಸಂಪಾದಕಿ. ಈ ತಂಡವು ಪುಸ್ತಕಪಟ್ಟಿಗಳನ್ನು ಸಿದ್ಧಪಡಿಸಿ ಹಂಚಿತು. 1971ರಲ್ಲಿ ಪುಸ್ತಕ ಪ್ರಶಸ್ತಿಯನ್ನು ಆರಂಭಿಸಿತು. 1974ರಲ್ಲಿ ಆ ಪ್ರಶಸ್ತಿ ಫಾಸ್ಟರರಿಗೆ ದೊರೆಯಿತು. ಗ್ರಂಥವು ಪ್ರಕಟವಾಗಿ ಆಗಲೇ 18 ವರ್ಷಗಳು ಕಳೆದಿದ್ದವು.

ಭಾರತದಲ್ಲಿಯೂ ಇದಕ್ಕೆ ಸದೃಶವಾದ ಪ್ರಯತ್ನ ನಡೆದಿದೆ. ಇಸ್ಮತ್ ಚುಗ್ತಾಯಿಯವರ ಉರ್ದು ಕಥೆ ‘ಲಿಹಾಫ್’ 1942ರಲ್ಲಿ ಪ್ರಕಟವಾಗಿ, ಅಶ್ಲೀಲತೆಯ ಆರೋಪದ ಮೇಲೆ ಲಾಹೋರಿನ ನ್ಯಾಯಾಲಯವನ್ನು ಕಂಡಿತು. ಇಂತಹ ಬರಹಗಳು ಒಂಟಿ ಅಪವಾದಗಳಲ್ಲವೆಂಬುದನ್ನು, ಹಲವು ಭಾರತೀಯ ಭಾಷೆಗಳಿಂದ ಆಯ್ದ ಭಾಗಗಳ ಮೂಲಕ, ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿಯವರು 2000ದಲ್ಲಿ ಪ್ರಕಟಿಸಿದ ‘ಸೇಮ್ ಸೆಕ್ಸ್ ಲವ್ ಇನ್ ಇಂಡಿಯಾ’ ಸಂಕಲನ ತೋರಿಸಿಕೊಟ್ಟಿತು.

ಈ ವೃತ್ತಾಂತದಿಂದ ಇತಿಹಾಸದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶ ಸ್ಪಷ್ಟವಾಗಿದೆ. ಸೂಚಿಯಲ್ಲಿ ಶೀರ್ಷಿಕೆಯಿಲ್ಲದಿದ್ದರೆ ವಸ್ತುವೇ ಇಲ್ಲವೆಂದು ನಿರ್ಣಯಿಸಬಾರದು. ನಿಷೇಧದ ಆಜ್ಞೆಗಳು, ಮೊಕದ್ದಮೆಯ ಕಡತಗಳು, ಕಲ್ಪಿತನಾಮಗಳು, ಸಣ್ಣ ಪತ್ರಿಕೆಗಳ ಪುಸ್ತಕ ಪರಿಚಯಗಳು, ಇವೆಲ್ಲವೂ ಶೋಧದ ದಾರಿಗಳೇ. ಹಾಗೆಂದು ಹಳೆಯ ಸೂಚಿಗಳನ್ನು ಪ್ರಶ್ನಿಸದೆ ಒಪ್ಪಬೇಕೆಂದೂ ಅಲ್ಲ. ಫಾಸ್ಟರರ ದೃಷ್ಟಿ ಬಹುಮಟ್ಟಿಗೆ ಯೂರೋಪು ಅಮೆರಿಕಗಳಲ್ಲಿಯೇ ನಿಂತಿತು, ಗ್ರಿಯರರ ಶ್ರೇಣಿಗಳಲ್ಲಿ ಅವರ ಸ್ವಂತ ಅಭಿರುಚಿಯೂ ಬೆರೆತಿದೆ. ಆದರೂ ಈ ಸ್ತ್ರೀಯರು ತಮ್ಮ ಬಿಡುವಿನ ವೇಳೆಯನ್ನೂ ಸಂಪಾದನೆಯನ್ನೂ ವ್ಯಯಿಸಿ ಪಟ್ಟಿಮಾಡದಿದ್ದರೆ, ಚದುರಿಹೋಗಿದ್ದ ಪುಸ್ತಕಗಳು ಒಂದು ಪರಂಪರೆಯಾಗಿ ನಮಗೆ ಕಾಣುತ್ತಿರಲಿಲ್ಲ. ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಸೂಚಿಸುವ ಅಧ್ಯಾಪಕರೂ ಈ ಪರಂಪರೆಯಲ್ಲಿ ಪಾಲುಗಾರರು. ಅವರು ಬಿಟ್ಟ ಹೆಸರನ್ನು ವಿದ್ಯಾರ್ಥಿನಿ ಕೇಳಲಾರಳು. ಏಕೆಂದರೆ ಅಂತಹುದೊಂದು ಇದೆಯೆಂಬುದೇ ಆಕೆಗೆ ತಿಳಿದಿರುವುದಿಲ್ಲ.