ಬ್ಯಾಟಿನ ತೂಕ ಒಂದೇ, ಕೈಗೆ ಬೀಳುವ ಭಾರ ಬೇರೆ

ನನಗೆ ಈಗ ಅರವತ್ತನಾಲ್ಕು ವರ್ಷ. ಹುಬ್ಬಳ್ಳಿಯಿಂದ ತಿರುಪ್ಪೂರಿಗೆ ಬಂದು ಬನಿಯನ್ ವ್ಯಾಪಾರ ಹಿಡಿದು ನಲವತ್ತು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡದೆ, ಚದರ ಮೀಟರಿಗೆ ಎಷ್ಟು ಗ್ರಾಂ ಬರುತ್ತದೆಂದು ತೂಗದೆ ಒಂದು ಗಂಟು ಸರಕನ್ನೂ ಕೊಂಡವನಲ್ಲ. ಅಂಥ ನಾನು 2023ರ ದೀಪಾವಳಿಗೆ ನನ್ನ ಮೊಮ್ಮಗಳಿಗೆ ಶಟಲ್ ಬ್ಯಾಟು ಕೊಡಿಸುವಾಗ ಬೆಲೆಚೀಟಿ ಒಂದನ್ನೇ ನೋಡಿದೆ. ಆ ತಪ್ಪಿನಿಂದ ಕಲಿತದ್ದು ಮಕ್ಕಳಿರುವ ಇತರ ಮನೆಗಳಿಗೂ ಉಪಯೋಗವಾಗಲಿ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊಮ್ಮಗಳಿಗೆ ಆಗ ಹನ್ನೆರಡು ವರ್ಷ. ನಮ್ಮ ಕಡೆ ಬಯಲಿನಲ್ಲಿ ಶಟಲ್ ಆಡುವುದು ಕಷ್ಟ. ಜೂನ್ ತಿಂಗಳಿಂದ ಪಾಲಕ್ಕಾಡಿನ ಕಣಿವೆಯೊಳಗಿಂದ ನುಗ್ಗುವ ಗಾಳಿ ಕೊಯಮತ್ತೂರು, ಪಲ್ಲಡಂ, ಉಡುಮಲೈ ಸೀಮೆಯನ್ನೆಲ್ಲ ಅಲ್ಲಾಡಿಸುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳಿನಲ್ಲಿ ಗಾದೆಯೇ ಇದೆ. ಇನ್ನು ಐದು ಗ್ರಾಂ ತೂಕದ ಕಾಕ್ ಎಲ್ಲಿ ನಿಲ್ಲಬೇಕು? ಹೀಗಾಗಿ ಮಕ್ಕಳು ಒಳಾಂಗಣದಲ್ಲೇ ಆಡುತ್ತಾರೆ. ನನ್ನ ಮೊಮ್ಮಗಳು ಹೋಗುವ ಕೋರ್ಟ್ ಕೂಡ ಮೊದಲು ಗೋದಾಮಾಗಿದ್ದ ತಗಡಿನ ಕಟ್ಟಡ.

ಆ ವರ್ಷದ ಏಪ್ರಿಲ್‌ನಲ್ಲಿ ನಮ್ಮ ದೇಶದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ಹೊಡೆದ ಒಂದು ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ವೇಗದಲ್ಲಿ ಹಾರಿ ಗಿನ್ನೆಸ್ ದಾಖಲೆಯಾಯಿತು. ಮಕ್ಕಳ ಬಾಯಲ್ಲಿ ಅದೇ ಮಾತು. "ಅಜ್ಜಾ, ನನಗೂ ಸ್ಮ್ಯಾಶ್ ಹೊಡಿಯೋ ಬ್ಯಾಟ್ ಬೇಕು" ಎಂದಳು. ಕೊಯಮತ್ತೂರಿನ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದೆ. ಹೆಚ್ಚು ಬೆಲೆಯದನ್ನೇ ತೋರಿಸಿದರು. ದೊಡ್ಡ ದೊಡ್ಡ ಆಟಗಾರರೆಲ್ಲ ಇಂಥದನ್ನೇ ಹಿಡಿಯುತ್ತಾರೆ ಎಂದರು. ನಾನೂ ಹಿಗ್ಗಿ ದುಡ್ಡು ಎಣಿಸಿದೆ. ಅದು ತಲೆಭಾರದ, ಗಡುಸು ದಂಡದ ಬ್ಯಾಟು ಎಂಬುದು ಆಗ ನನಗೆ ತಿಳಿಯದು.

ಒಂದೂವರೆ ತಿಂಗಳಾದ ಮೇಲೆ ಹುಡುಗಿ ಆಟಕ್ಕೆ ಹೋಗಲು ನೆಪ ಹೇಳತೊಡಗಿದಳು. ಒಂದು ದಿನ ಹೊಟ್ಟೆನೋವು, ಒಂದು ದಿನ ಪರೀಕ್ಷೆ. ಕಡೆಗೆ ತಲೆ ಬಾಚಿಕೊಳ್ಳಲು ಕೈ ಎತ್ತಲಾರದೆ ಕಣ್ಣೀರು ಹಾಕಿದಾಗ ನಮ್ಮ ಮನೆಯವರಿಗೆ ವಿಷಯ ಗೊತ್ತಾಯಿತು. ಬಲ ಭುಜ ನೋಯುತ್ತಿತ್ತು. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನೀವು ಅಷ್ಟು ರೊಕ್ಕ ಕೊಟ್ಟು ತಂದೀರಿ ಅಜ್ಜಾ, ಅದಕ್ಕ ಹೇಳಲಿಲ್ಲ" ಎಂದಳು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿ ಇದೆ. ವೈದ್ಯರು ನೋಡಿ ಮೂರು ವಾರ ವಿಶ್ರಾಂತಿ ಹೇಳಿದರು. ಕಲಿಸುವ ಹುಡುಗ ಬ್ಯಾಟನ್ನು ಕೈಯಲ್ಲಿ ಆಡಿಸಿ ನೋಡಿ, "ಇದು ಒಳ್ಳೆಯ ಬ್ಯಾಟೇ ಸಾರ್, ಆದರೆ ಇವಳಿಗಿನ್ನೂ ಐದು ವರ್ಷ ಆದಮೇಲೆ" ಎಂದ.

ಬೆರಳ ಮೇಲಿನ ತಕ್ಕಡಿ

ಅಂದು ರಾತ್ರಿ ಅವಳ ಹಳೆಯ ಬ್ಯಾಟು, ಹೊಸ ಬ್ಯಾಟು ಎರಡನ್ನೂ ಅಂಗಡಿಗೆ ಒಯ್ದೆ. ಬಟ್ಟೆಯ ತೂಕ ನೋಡುವ ಸಣ್ಣ ತಕ್ಕಡಿಯಲ್ಲಿ ಇಟ್ಟರೆ ಎರಡೂ 91 ಗ್ರಾಂ. ನನಗೆ ಆಶ್ಚರ್ಯ. ತೂಕ ಒಂದೇ ಆದರೆ ಕೈ ನೋಯುವುದೇಕೆ? ಆಮೇಲೆ ಒಂದೊಂದನ್ನೂ ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟು, ಎತ್ತಲೂ ವಾಲದೆ ನಿಲ್ಲುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹಿಡಿಯ ತುದಿಯಿಂದ ಟೇಪಿನಲ್ಲಿ ಅಳೆದೆ. ಹಳೆಯದು 29 ಸೆಂಟಿಮೀಟರ್, ಹೊಸದು ಮೂವತ್ತೂವರೆ. ಇಡೀ ವ್ಯತ್ಯಾಸ ಆ ಒಂದೂವರೆ ಸೆಂಟಿಮೀಟರಿನಲ್ಲಿತ್ತು.

ಇದು ಅರ್ಥವಾಗಬೇಕಾದರೆ ಮನೆಯಲ್ಲಿರುವ ಸುತ್ತಿಗೆಯನ್ನು ತೆಗೆದುಕೊಳ್ಳಿ. ಹಿಡಿಯನ್ನು ಹಿಡಿದು ಗಾಳಿಯಲ್ಲಿ ಬೀಸಿ. ನಂತರ ಕಬ್ಬಿಣದ ತಲೆಯನ್ನು ಹಿಡಿದು ಬೀಸಿ. ಸುತ್ತಿಗೆ ಅದೇ, ತೂಕ ಅದೇ, ಆದರೆ ಮೊದಲ ಸಲ ಬೀಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ಭಾರ ಕೈಯಿಂದ ದೂರ ಹೋದಷ್ಟೂ ತೋಳು ಹೆಚ್ಚು ದುಡಿಯಬೇಕು. ಅದಕ್ಕೆ ಪ್ರತಿಫಲವಾಗಿ ಪೆಟ್ಟು ಜೋರಾಗುತ್ತದೆ. ತಲೆಭಾರದ ಬ್ಯಾಟಿನ ಲಾಭವೂ ನಷ್ಟವೂ ಇದೇ.

ಸಾಮಾನ್ಯ ಬ್ಯಾಟಿನ ಉದ್ದ ಸುಮಾರು 675 ಮಿಲಿಮೀಟರ್. ನಿಯಮದಂತೆ 680 ದಾಟುವಂತಿಲ್ಲ. ತಂತಿ ಹಾಕದ ಬ್ಯಾಟು ಹಿಡಿಯ ತುದಿಯಿಂದ ಸುಮಾರು 285ರಿಂದ 295 ಮಿಲಿಮೀಟರಿನೊಳಗೆ ತೂಗಿ ನಿಂತರೆ ಅದನ್ನು ಸಮತೂಕದ್ದು ಎನ್ನುತ್ತಾರೆ. ಅದಕ್ಕಿಂತ ಮುಂದೆ ಹೋದರೆ ತಲೆಭಾರ, ಹಿಂದೆ ಬಂದರೆ ತಲೆಹಗುರ. ತಂತಿ ಹಾಕಿದಾಗ ತೂಕ ತಲೆಯ ಕಡೆಗೂ, ಹಿಡಿಗೆ ಗ್ರಿಪ್ ಸುತ್ತಿದಾಗ ಕೈಯ ಕಡೆಗೂ ಸರಿಯುತ್ತದೆ. ಆದ್ದರಿಂದ ಹೋಲಿಸುವಾಗ ತಂತಿ ಹಾಕಿದ್ದನ್ನು ತಂತಿ ಹಾಕಿದ್ದರೊಡನೆಯೇ ಹೋಲಿಸಬೇಕು.

ಇಲ್ಲಿ ನಾನು ಒಂದು ವ್ಯಾಪಾರಿ ಬುದ್ಧಿ ಓಡಿಸಿದೆ. ಹಿಡಿಯ ಮೇಲೆ ಇನ್ನೊಂದು ಸುತ್ತು ಗ್ರಿಪ್ ಹಾಕಿದರೆ ಐದು ಗ್ರಾಂ ಕೂಡುತ್ತದೆ, ಗುರುತು ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಬರುತ್ತದೆ. ಹಾಕಿಸಿದೆ, ಬಂತು. ಬೆರಳ ಮೇಲೆ ಬ್ಯಾಟು ಸಮನಾದಂತೆ ಕಂಡಿತು. ಆದರೆ ಹುಡುಗಿ ಬೀಸಿ ನೋಡಿ, "ಭಾರ ಹಂಗೇ ಐತಿ ಅಜ್ಜಾ" ಎಂದಳು. ಅವಳು ಹೇಳಿದ್ದೇ ಸರಿ. ಒಂದು ತಟ್ಟೆಯ ಭಾರ ಇಳಿಸದೆ ಇನ್ನೊಂದು ತಟ್ಟೆಗೆ ಕಲ್ಲು ಹಾಕಿದರೆ ಮುಳ್ಳು ನೆಟ್ಟಗೆ ನಿಲ್ಲುತ್ತದೆ, ಹೊರುವವನ ಹೊರೆ ಇಳಿಯುವುದಿಲ್ಲ. ಗ್ರಿಪ್ ಸುತ್ತಿದ್ದರಿಂದ ತಲೆಯಲ್ಲಿದ್ದ ಭಾರ ಎಲ್ಲಿಗೂ ಹೋಗಿರಲಿಲ್ಲ.

ತಲೆಭಾರ ಯಾರಿಗೆ, ಸಮತೂಕ ಯಾರಿಗೆ

ತಲೆಭಾರದ ಬ್ಯಾಟು ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಕೋರ್ಟಿನ ಹಿಂದಿನ ಗೆರೆಯಿಂದ ಎದುರಿನ ಹಿಂದಿನ ಗೆರೆಯವರೆಗೆ ಕಾಕನ್ನು ಆಯಾಸವಿಲ್ಲದೆ ಎತ್ತಿ ಹೊಡೆಯಬಲ್ಲವರು, ಭುಜ ಮತ್ತು ಮಣಿಕಟ್ಟು ಬಲಿತವರು, ಡಬಲ್ಸ್‌ನಲ್ಲಿ ಹಿಂದೆ ನಿಂತು ಸ್ಮ್ಯಾಶ್ ಹೊಡೆಯುವವರು ಅದರಿಂದ ಪೂರಾ ಲಾಭ ಪಡೆಯುತ್ತಾರೆ. ಕೈಬಲ ಕಡಿಮೆಯಿರುವ ಹಿರಿಯರಲ್ಲಿ ಕೆಲವರಿಗೆ ಒಟ್ಟು ತೂಕ ಕಡಿಮೆಯಿದ್ದು ತಲೆ ಮಾತ್ರ ತುಸು ಭಾರವಿರುವ ಬ್ಯಾಟು ಕಾಕನ್ನು ಹಿಂದಿನವರೆಗೆ ಸಾಗಿಸಲು ನೆರವಾಗುವುದೂ ಉಂಟು.

ಆದರೆ ತಲೆಭಾರದ ಬ್ಯಾಟು ಒಂದು ಮಾತು ಕೇಳುತ್ತದೆ: ಕೈಯನ್ನು ಮೊದಲೇ ಎತ್ತಿ ತಯಾರಿರು. ಎದುರಾಳಿಯ ಸ್ಮ್ಯಾಶ್ ಮೈಮೇಲೆ ಬಂದಾಗ, ನೆಟ್ಟಿನ ಮುಂದೆ ಕಾಕ್ ಅತ್ತಿತ್ತ ಚಿಮ್ಮಿದಾಗ ಅದು ತಡವಾಗಿ ತಿರುಗುತ್ತದೆ. ತಡವಾದ ಪೆಟ್ಟನ್ನು ಸರಿಪಡಿಸಲು ಮಕ್ಕಳು ಭುಜವನ್ನು ಜಗ್ಗುತ್ತಾರೆ, ಮೊಣಕೈ ತಿರುಚುತ್ತಾರೆ. ನೋವು ಶುರುವಾಗುವುದು ಅಲ್ಲಿಂದ. ಸಮತೂಕದ ಬ್ಯಾಟು ಸ್ಮ್ಯಾಶಿನಲ್ಲಿ ತುಸು ಕಡಿಮೆ ಕೊಟ್ಟರೂ ತಪ್ಪನ್ನು ಮನ್ನಿಸುತ್ತದೆ. ಕಲಿಯುವವರಿಗೆ, ವಾರಕ್ಕೆ ಎರಡು ಮೂರು ದಿನ ಆಡುವ ಮನೆಮಂದಿಗೆ ಅದೇ ವಾಸಿ. ಎಲ್ಲ ಹೊಡೆತಗಳೂ ಕೈಗೆ ಕೂತ ಮೇಲೆ ತಾನು ಹಿಂದಿನಿಂದ ಹೊಡೆಯುವವನೋ, ಮುಂದೆ ನಿಂತು ಆಡುವವನೋ ಎಂದು ಆಟಗಾರನಿಗೇ ತಿಳಿಯುತ್ತದೆ. ಬೇರೆ ಬ್ಯಾಟಿನ ಯೋಚನೆ ಆಮೇಲೆ.

ನಮ್ಮಂಥ ಮನೆಗಳಲ್ಲಿ ಇನ್ನೊಂದು ವಿಚಾರವೂ ಬರುತ್ತದೆ. ತಂತಿ ಬಿಗಿಸುವುದಕ್ಕೆ ಎಲ್ಲರೂ ಈಗಲೂ "ಗಟ್ಟಿಂಗ್" ಎನ್ನುತ್ತಾರೆ. ಹಿಂದೆ ಪ್ರಾಣಿಯ ಕರುಳಿನಿಂದ ತಂತಿ ಮಾಡುತ್ತಿದ್ದುದರಿಂದ ಬಂದ ಮಾತು ಅದು. ಈಗ ಅಂಗಡಿಗಳಲ್ಲಿ ಸಿಗುವುದು ನೈಲಾನ್ ಜಾತಿಯ ತಂತಿ, ಆ ಸಂಕೋಚ ಬೇಕಿಲ್ಲ. ಕಾಕಿನ ಮಾತು ಬೇರೆ. ಪಂದ್ಯದ ಕಾಕಿನಲ್ಲಿ ಹೆಬ್ಬಾತು ಅಥವಾ ಬಾತುಕೋಳಿಯ 16 ಗರಿಗಳಿರುತ್ತವೆ. ನಮ್ಮ ಮನೆಯಲ್ಲಿ ಅಭ್ಯಾಸಕ್ಕೆ ನೈಲಾನ್ ಕಾಕನ್ನೇ ತರುತ್ತೇವೆ. ಅದರ ಪೆಟ್ಟು ಕೈಗೆ ಕೊಂಚ ಗಡುಸಾಗಿ ತಾಗುತ್ತದೆ. ಹಾಗಿರುವಾಗ ಮಕ್ಕಳ ಬ್ಯಾಟಿಗೆ ಗಡುಸು ದಂಡ, ಅತಿ ಬಿಗಿ ತಂತಿ ಎರಡೂ ಬೇಡ.

ಮದುವೆ ಮಂಟಪದಿಂದ ವೆಂಬ್ಲಿವರೆಗೆ

ಜೋರಾಗಿ ಹೊಡೆದವನೇ ಗೆಲ್ಲುವುದಾದರೆ ಕನ್ನಡಿಗರಿಗೆ 1980ರ ಸಂತೋಷ ಸಿಗುತ್ತಲೇ ಇರಲಿಲ್ಲ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳಿಗೂ ಕೊಡುತ್ತಿದ್ದ ಜಾಗ, ಮದುವೆ ಇದ್ದ ದಿನ ಆಟವಿಲ್ಲ. ನಮ್ಮ ಮಕ್ಕಳು ಗೋದಾಮಿನಲ್ಲಿ ಆಡುವುದನ್ನು ನೋಡಿದಾಗಲೆಲ್ಲ ನನಗೆ ಆ ಮಂಟಪ ನೆನಪಾಗುತ್ತದೆ. ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. 1978 ಮತ್ತು 1979ರಲ್ಲಿ ಗೆದ್ದು ಮೂರನೆಯ ಸಲಕ್ಕೆ ಬಂದವರು. ನೆಗೆದು ಹೊಡೆಯುವ ಅವರ ಸ್ಮ್ಯಾಶ್ ಜಗತ್ತಿಗೇ ಹೆಸರಾಗಿತ್ತು. ಪ್ರಕಾಶ್ ಅವರನ್ನು 15-3, 15-10ರಿಂದ ಸೋಲಿಸಿದರು. ಬಲಕ್ಕೆ ಬಲ ಕೊಡದೆ, ಕೊನೆಯ ಕ್ಷಣದವರೆಗೆ ಹೊಡೆತ ತಡೆದು, ಎದುರಾಳಿ ಇಲ್ಲದ ಜಾಗಕ್ಕೆ ಕಾಕ್ ಇಡುವುದು ಅವರ ವಿದ್ಯೆ.

ಎಸ್ಸೆಸ್ಸೆಲ್ಸಿ ಓದುವಾಗ ಹುಬ್ಬಳ್ಳಿಯಲ್ಲಿ ನಾವು ಆಡುತ್ತಿದ್ದುದು ನೂರು ಗ್ರಾಂ ಮೀರಿದ ಮರದ ಬ್ಯಾಟಿನಲ್ಲಿ. ಮಳೆಗಾಲದಲ್ಲಿ ಅದು ಸೊಟ್ಟಗಾಗದಂತೆ ನಾಲ್ಕು ತಿರುಪಿನ ಮರದ ಚೌಕಟ್ಟಿಗೆ ಬಿಗಿದು ಇಡಬೇಕಿತ್ತು. ಆರಿಸಲು ಆಗ ನಮಗೆ ಎರಡನೆಯ ಬ್ಯಾಟೇ ಇರಲಿಲ್ಲ. ಇಂದಿನ ಮಕ್ಕಳಿಗೆ ಇರುವ ಕಾರ್ಬನ್ ಬ್ಯಾಟುಗಳು ನೂರಾರು. ಆರಿಸುವ ಹೊಣೆ ನಮ್ಮ ಮೇಲೆ ಬಿದ್ದಿದೆ.

ಕೊಳ್ಳುವ ಮುನ್ನ

ನಾನು ತಡವಾಗಿ ಕಲಿತದ್ದು ಇಷ್ಟು. ಒಂದು, ಮಗುವನ್ನು ಅಂಗಡಿಗೆ ಕರೆದೊಯ್ಯುವ ಮೊದಲು ಕಲಿಸುವವರನ್ನು ಕೇಳಿ. ಎರಡು, ಬ್ಯಾಟಿನ ಮೇಲಿನ ಅಕ್ಷರ ಓದಿ. ಹಲವು ಕಂಪನಿಗಳಲ್ಲಿ 3ಯು ಎಂದರೆ 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84, 5ಯು ಎಂದರೆ 75ರಿಂದ 79. ಮಕ್ಕಳಿಗೆ 4ಯು ಅಥವಾ 5ಯು ಸಾಕು. ಮೂರು, ತೂಕ ಕೇಳಿ ಸುಮ್ಮನಾಗಬೇಡಿ, ಬೆರಳ ಮೇಲಿಟ್ಟು ಭಾರ ಎಲ್ಲಿದೆ ನೋಡಿ. ನಾಲ್ಕು, ದಂಡ ಸ್ವಲ್ಪ ಬಾಗುವಂಥದಿರಲಿ, ತಂತಿ 20ರಿಂದ 22 ಪೌಂಡ್ ಬಿಗಿ ಇರಲಿ. ಐದು, ಸ್ನೇಹಿತರ ಬ್ಯಾಟು ಎರವಲು ಪಡೆದು ಒಂದು ಗಂಟೆ ಆಡಿಸಿ ನೋಡಿ. ಅಂಗಡಿಯಲ್ಲಿ ಎರಡು ಸಲ ಬೀಸಿದಾಗ ಎಲ್ಲ ಬ್ಯಾಟೂ ಹಗುರವೇ, ಭಾರ ತಿಳಿಯುವುದು ಮೂರನೆಯ ಗೇಮಿನಲ್ಲಿ. ನೋವು ಬಂದರೆ ಬ್ಯಾಟನ್ನೂ ಹೊಡೆಯುವ ರೀತಿಯನ್ನೂ ಎರಡನ್ನೂ ಪರೀಕ್ಷಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಲೆಯ ಮಾತು. ನಾವು ಕೊಟ್ಟ ಹಣವನ್ನು ಮಕ್ಕಳೆದುರು ಹತ್ತು ಸಲ ಆಡಬಾರದು. ನಾನು ಬಂದುಹೋದವರಿಗೆಲ್ಲ ಆ ಬ್ಯಾಟಿನ ಬೆಲೆ ಹೇಳುತ್ತಿದ್ದೆ. ಹುಡುಗಿ ಅದನ್ನು ಕೇಳಿಸಿಕೊಂಡೇ ನೋವು ಮುಚ್ಚಿಟ್ಟದ್ದು.

ಆ ಬ್ಯಾಟನ್ನು ಈಗ ನನ್ನ ಮಗ ಆಡುತ್ತಾನೆ, ಅವನ ತೋಳಿಗೆ ಅದು ಒಗ್ಗಿದೆ. ಮೊಮ್ಮಗಳಿಗೆ ಮೊದಲಿನದರ ಮೂರನೆಯ ಒಂದು ಪಾಲು ಬೆಲೆಗೆ ಸಮತೂಕದ ಬ್ಯಾಟು ಬಂತು. ಈ ಸಲ ಆರಿಸಿದವಳು ಅವಳೇ, ನಾನು ಟೇಪು ಹಿಡಿದು ಪಕ್ಕದಲ್ಲಿ ನಿಂತಿದ್ದೆ ಅಷ್ಟೇ. ಭುಜ ವಾಸಿಯಾಗಿದೆ. ಸಂಜೆ ಐದಾಗುತ್ತಲೇ ಯಾರೂ ಹೇಳದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ.