ಕೊಂಬೆಯ ಮೇಲಿರುವವನ ವಿಮೆ

ಇಂಗ್ಲೆಂಡಿನಲ್ಲಿ ಬೇಲಿಯಾಚೆ ಚಾಚಿದ ಕೊಂಬೆಯನ್ನು ಸವರುವ, ರೋಗ ತಗುಲಿ ಸತ್ತ ಮರವನ್ನು ನೆತ್ತಿಯಿಂದ ತುಂಡುತುಂಡಾಗಿ ಇಳಿಸುವ, ಬಿರುಗಾಳಿಗೆ ಮನೆಯ ಮಾಡಿನ ಮೇಲೊರಗಿದುದನ್ನು ತೆರವು ಮಾಡುವ ಕಸುಬುದಾರನಿಗೆ ಟ್ರೀ ಸರ್ಜನ್, ಅಂದರೆ ವೃಕ್ಷಗಳ ಶಸ್ತ್ರವೈದ್ಯ, ಎಂಬ ಘನವಾದ ಹೆಸರುಂಟು. ಹೆಸರು ಏನೇ ಇರಲಿ, ಹಗ್ಗವನ್ನು ನಂಬಿ ನೆಲವನ್ನು ಬಿಟ್ಟು ಬದುಕುವವರಲ್ಲಿ ಆತನೂ ಒಬ್ಬನಾದುದರಿಂದ ನಮ್ಮ ಅಡಕೆತೋಟದ ಕೊನೆಗಾರನಿಗೆ ದೂರದ ದಾಯಾದಿಯೇ ಸರಿ. ಇಂತಹವನು ಹಲವು ವರ್ಷ ಮತ್ತೊಬ್ಬರ ಕೈಕೆಳಗೆ ದುಡಿದು, ಒಂದು ದಿನ ಸ್ವಂತ ಗರಗಸವನ್ನೂ ವ್ಯಾನನ್ನೂ ಕೊಂಡು ಸ್ವತಂತ್ರನಾದನೆಂದರೆ, ಅದುವರೆಗೆ ಧಣಿಯ ಕಪಾಟಿನಲ್ಲಿದ್ದ ವಿಮಾಪತ್ರಗಳ ಚಿಂತೆಯೂ ಆತನ ಪಾಲಿಗೆ ಬರುತ್ತದೆ. ಬೆವರು ಸುರಿಸಿ ಕೊಂಡ ಗರಗಸಕ್ಕೇ ಮೊದಲು ವಿಮೆ ಮಾಡಿಸೋಣವೆಂದು ಮನಸ್ಸೆಳೆಯುವುದು ಸಹಜವಾದರೂ, ಅದು ತಲೆಕೆಳಗಾದ ಕ್ರಮವೆಂದು ನನ್ನ ಎಣಿಕೆ.

ಅಲ್ಲಿನ ಕಾನೂನು ಬಲವಂತದಿಂದ ಕೊಳ್ಳಿಸುವ ವಿಮೆಗಳು ಎರಡೇ. ವ್ಯಾನಿನಿಂದ ಅನ್ಯರಿಗಾಗುವ ಹಾನಿಯದು ಒಂದು. ಅದರಲ್ಲಿ ವಾಹನವನ್ನು ಕಸುಬಿಗೆ ಬಳಸುವುದಾಗಿ ನಮೂದಿಸಿದರೆ ಸಾಕು. ಇನ್ನೊಂದು, 1969ರ ಶಾಸನವು ವಿಧಿಸಿದ, ನೌಕರರಿಗಾಗುವ ಹಾನಿಯ ಹೊಣೆಗಾರಿಕೆಯ ವಿಮೆ. ಇದರ ಮೊತ್ತ ಕನಿಷ್ಠ 50 ಲಕ್ಷ ಪೌಂಡ್. ತಪ್ಪಿದವನಿಗೆ ದಿನವೊಂದಕ್ಕೆ 2,500 ಪೌಂಡಿನವರೆಗೆ ದಂಡ. ಒಬ್ಬಂಟಿಗನಿಗೆ ಇದರ ಹಂಗಿಲ್ಲವೆಂಬುದು ನಿಜ. ಆದರೆ ಮರದ ಮೇಲಿರುವವನು ಒಬ್ಬಂಟಿಗನಾಗಿರುವುದುಂಟೆ? ಕೆಳಗೆ ನಿಂತು ಹಗ್ಗ ಹಿಡಿಯುವ, ಬಿದ್ದ ಕೊಂಬೆಗಳನ್ನು ಎಳೆದು ಯಂತ್ರಕ್ಕೆ ಕೊಟ್ಟು ಚೂರು ಮಾಡುವ ಜತೆಗಾರ ಬೇಕೇ ಬೇಕು. ಆತನು ದಿನಗೂಲಿಗೆ ಬಂದವನು, ತನ್ನ ತೆರಿಗೆಯನ್ನು ತಾನೇ ಕಟ್ಟುವವನು, ಆದುದರಿಂದ ತನ್ನ ನೌಕರನಲ್ಲವೆಂದು ಹೊಸಬನು ನೆಮ್ಮದಿಯಿಂದಿರುತ್ತಾನೆ. ತೆರಿಗೆಯ ಲೆಕ್ಕ ಬೇರೆ, ಹೊಣೆಯ ಲೆಕ್ಕ ಬೇರೆ. ಇವನ ಸಲಕರಣೆಯನ್ನು ಹಿಡಿದು ಇವನ ಆಜ್ಞೆಯಂತೆ ದುಡಿಯುವವನು, ಕೈ ಮುರಿದುಕೊಂಡ ದಿನ, ಇವನ ನೌಕರನೆಂದೇ ಗಣಿತನಾಗಬಹುದು. ತನ್ನದೇ ಸಲಕರಣೆ, ತನ್ನದೇ ವಿಮೆಯೊಡನೆ ಬಂದು ಕೆಲಸವನ್ನು ಗುತ್ತಿಗೆ ಹಿಡಿಯುವವನ ಸಂಗತಿ ಮಾತ್ರ ಬೇರೆ.

ಸಾರ್ವಜನಿಕ ಹೊಣೆಗಾರಿಕೆಯ ವಿಮೆಯನ್ನು ಕಾನೂನು ಕೇಳುವುದಿಲ್ಲ, ಗಿರಾಕಿ ಕೇಳುತ್ತಾನೆ. ತಪ್ಪಿ ಬಿದ್ದ ಕೊಂಬೆಯು ನೆರೆಯವನ ಗಾಜಿನ ಮನೆಯನ್ನೋ ದಾರಿಹೋಕನ ತಲೆಯನ್ನೋ ಒಡೆದಾಗ ನೆರವಿಗೆ ಬರುವುದು ಇದೇ. ನಗರಸಭೆಯ ಕೆಲಸ ಹಿಡಿಯುವವನನ್ನು 50 ಲಕ್ಷ ಪೌಂಡಿನ, ಕೆಲವೆಡೆ ಒಂದು ಕೋಟಿ ಪೌಂಡಿನ ಪತ್ರ ಕೇಳುವುದುಂಟು. ಇಲ್ಲಿ ಮೊತ್ತಕ್ಕಿಂತಲೂ ಒಂದು ಪದವನ್ನು ನೋಡತಕ್ಕುದು. ತೋಟಗಾರನ ಪತ್ರವು ಅಗ್ಗವಾಗಿ ದೊರೆಯುತ್ತದೆಯೆಂದು ತನ್ನನ್ನು ತೋಟಗಾರನೆಂದು ಬರೆಯಿಸಿಕೊಂಡವನು, ಅದರೊಳಗೆ ಮರವೇರುವ ಮಾತೇ ಇಲ್ಲವೆಂಬುದನ್ನು ಅಪಘಾತವಾದ ಮೇಲೆ ಅರಿಯುತ್ತಾನೆ. ಕಸುಬಿನ ಅಪಾಯಗಳನ್ನು ಮುಚ್ಚಿಡದೆ ತಿಳಿಸತಕ್ಕ ಕರ್ತವ್ಯವನ್ನು 2015ರ ವಿಮಾ ಶಾಸನವು ಕೊಳ್ಳುವವನ ಮೇಲೆಯೇ ಹೊರಿಸಿದೆ. ಮರವೇರುವ ಹಗ್ಗ, ಪಟ್ಟಿಗಳನ್ನು ಬಲ್ಲವರಿಂದ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕೆಂಬ 1998ರ ನಿಯಮವನ್ನು ಪಾಲಿಸಿದ ದಾಖಲೆಯೂ ಕೈಯಲ್ಲಿರಲಿ.

ಯಾರೂ ಕೇಳದ ವಿಮೆಯೊಂದಿದೆ. ಅದು ಆತನ ಸ್ವಂತ ದೇಹದ್ದು. ಅಲ್ಲಿ ನೌಕರನಾದವನಿಗೆ ಕಾಯಿಲೆ ಬಿದ್ದಾಗ ಧಣಿಯು ಕೊಡಬೇಕಾದ ಶಾಸನಬದ್ಧ ವೇತನವು ಸ್ವತಂತ್ರ ಕಸುಬುದಾರನಿಗಿಲ್ಲ. ಇದನ್ನು ತುಂಬಲು ಎರಡು ಬಗೆಯ ಪತ್ರಗಳುಂಟು: ಅಪಘಾತಕ್ಕೆ ಗೊತ್ತಾದ ಹಣವನ್ನು ಕೊಡುವುದೊಂದು, ದುಡಿಯಲಾರದಷ್ಟು ಕಾಲ ಆದಾಯದ ಒಂದಂಶವನ್ನು ಕೊಡುತ್ತ ಹೋಗುವುದಿನ್ನೊಂದು. ಎರಡನೆಯದು ದುಬಾರಿಯಾದುದು, ಮರವೇರುವವನಿಗಂತೂ ಮತ್ತಷ್ಟು. ಆದರೆ ಹಣ ಬರತೊಡಗುವ ಮೊದಲು ನಾಲ್ಕು ವಾರಕ್ಕೆ ಬದಲಾಗಿ ಹದಿಮೂರು ವಾರ ಕಾಯಲು ಒಪ್ಪಿದರೆ ಕಂತು ಇಳಿಯುತ್ತದೆ. ಮೂರು ತಿಂಗಳ ಊಟಕ್ಕೆ ಉಳಿತಾಯವುಳ್ಳವನು ಹೀಗೆ ಮಾಡುವುದೇ ಜಾಣತನ. ‘ದುಡಿಯಲಾರದ’ ಎಂಬ ಮಾತಿನ ಅರ್ಥವನ್ನು ಮಾತ್ರ ಬಿಗಿಯಾಗಿ ಹಿಡಿದು ಕೇಳಬೇಕು. ಭುಜ ಮುರಿದವನು ಮರವನ್ನೇರಲಾರನು, ಆದರೆ ಮೇಜಿನ ಮುಂದೆ ಕುಳಿತು ದೂರವಾಣಿಗೆ ಉತ್ತರ ಕೊಡಬಲ್ಲನು. ಯಾವ ಕೆಲಸವನ್ನೂ ಮಾಡಲಾಗದಿದ್ದರಷ್ಟೇ ಹಣವೆನ್ನುವ ಪತ್ರವು ಇಂತಹವನಿಗೆ ಚಿಕ್ಕಾಸನ್ನೂ ಕೊಡದು.

ಆದುದರಿಂದ ಮೊದಲ ಕೊಂಬೆಯನ್ನು ಮುಟ್ಟುವ ಮುನ್ನ ಸಾರ್ವಜನಿಕ ಹೊಣೆಯದು, ಜತೆಗಾರನು ಬರುವ ಮುನ್ನ ನೌಕರನದು, ತಡಮಾಡದೆ ದೇಹದ್ದು, ಹಣವುಳಿದರೆ ಗರಗಸದ್ದು. ಗರಗಸದ ಪತ್ರವನ್ನು ಕೊಳ್ಳುವುದಾದರೂ, ರಾತ್ರಿ ವ್ಯಾನಿನಲ್ಲಿಟ್ಟು ಮಲಗಿದಾಗ ಕಳವಾದರೆ ಹಣ ಕೊಡುವಿರೋ ಇಲ್ಲವೋ ಎಂಬುದನ್ನು ವಿಮಾ ಸಂಸ್ಥೆಯಿಂದ ಬರಹದಲ್ಲಿಯೇ ಕೇಳಿ ಪಡೆಯಿರಿ.